ಮಾತ್ರೆ ಗಾಡಿ

ನವೆಂಬರ್ ೩, ಭಾನುವಾರ

ಗಾಡಿ ಇವತ್ತು ಏರು ಹತ್ತಲಿಲ್ಲ.

ಆಟದ ರೈಲು, ಅಡುಗೆಮನೆಯಿಂದ ಸರಿಯಾಗಿಯೇ ಹೊರಟಿತು. ಹಜಾರದ ಗೋಡೆಗುಂಟ ಹೊಡೆದ ಹಲಗೆಯ ಮೇಲೆ ಅರ್ಧ ದೂರ ಹೋಯಿತು. ಅಲ್ಲಿಂದ ಮುಂದೆ ಹಲಗೆ ಮುದುಕನ ಮಂಚದ ಎತ್ತರಕ್ಕೆ ಏರುತ್ತದೆ. ಗಾಡಿ ಆ ಏರು ಹತ್ತಿ, ಗೋಡೆಯಲ್ಲಿ ಕೊರೆದ ಕಂಡಿಯೊಳಗೆ ನುಗ್ಗಿ, ಅವನ ದಿಂಬಿನ ಪಕ್ಕ ನಿಲ್ಲಬೇಕು. ಏರಿನಲ್ಲೇ ಕೈಕೊಟ್ಟಿತು. ಚಕ್ರ ಗರಗರ ತಿರುಗುತ್ತಿದೆ, ಎಂಜಿನ್ ಇದ್ದಲ್ಲೇ ಇದೆ. ಆಮೇಲೆ ಇಡೀ ಗಾಡಿ, ಮಾತ್ರೆಯ ವ್ಯಾಗನ್ನು ಬಿಸ್ಕತ್ತಿನ ವ್ಯಾಗನ್ನು ಸಮೇತ, ಮೆಲ್ಲಗೆ ಹಿಂದಕ್ಕೆ ಜಾರಿ ಬಂದು ನನ್ನ ಮೊಣಕಾಲಿಗೆ ತಗುಲಿ ನಿಂತಿತು.

ಕಾಲೇಜಿನಲ್ಲಿ ‘ಎ ರೈಲ್ವೇ ಜರ್ನಿ’ ಅಂತ ಒಂದು ಪ್ರಬಂಧ ಬಾಯಿಪಾಠ ಮಾಡಿಸಿದ್ದರು. ‘ದಿ ಟ್ರೇನ್ ಸ್ಟಾರ್ಟೆಡ್ ವಿತ್ ಎ ಜರ್ಕ್’ ಎಂಬ ಒಂದು ವಾಕ್ಯ ಬಿಟ್ಟರೆ ಮಿಕ್ಕಿದ್ದೆಲ್ಲ ಹೋಯಿತು. ಟ್ರೇನು ವಾಪಸ್ ಬಂದರೆ ಏನು ಬರೆಯಬೇಕೆಂದು ಅವರು ಹೇಳಿಕೊಟ್ಟಿರಲಿಲ್ಲ.

ಬೆರಳಿನಿಂದ ದೂಡಿದೆ. ಗಾಡಿಯ ಹಿಂದೆ ನನ್ನ ಕೈಯೂ ಕಂಡಿಯೊಳಗೆ ಹೋಯಿತು.

“ಏನದು?” ಎಂದ ಒಳಗಿನಿಂದ.

“ಗಾಡಿ, ಮಾವ.”

“ಗಾಡಿಗೆ ಐದು ಬೆರಳು ಯಾವಾಗ ಬಂತು?”

“ಸ್ವಲ್ಪ ದೂಡಿದೆ.”

“ದೂಡಿದ ಗಾಡಿ ಗಾಡಿ ಅಲ್ಲ ಅಳಿಯಂದ್ರೆ, ತಳ್ಳೋ ಬಂಡಿ. ವಾಪಸ್ ಕಳಿಸಿ.”

ಮಾತ್ರೆ ತೆಗೆದುಕೊಳ್ಳಲಿಲ್ಲ. ಕೈಯಲ್ಲಿ ಹಿಡಿದು ಹೋದೆ, ತುಟಿ ಬಿಗಿದುಕೊಂಡ. ಗಂಜಿಯಲ್ಲಿ ಕಲಸಿಕೊಟ್ಟೆ, ಒಂದು ಚಮಚ ಬಾಯಿಗಿಟ್ಟು ನನ್ನನ್ನೇ ನೋಡುತ್ತಾ ಉಗುಳಿದ. ಎಂಬತ್ತೆಂಟು ವರ್ಷದ ಹಟ. ಮುರಿಯಲು ನನ್ನ ಹತ್ತಿರ ಏನಿದೆ?

ಹಲಗೆ, ಹಳಿ, ಗಾಡಿ ಎಲ್ಲ ಅವಳದು. ‘ಹೆಂಡತಿ’ ಎಂದು ಬರೆಯಲು ಹೋದರೆ ಹಿಂದೆ ‘ದಿವಂಗತ’ ಅಂತ ಸೇರಿಸಬೇಕಾಗುತ್ತದೆ, ಆದ್ದರಿಂದ ‘ಅವಳು’ ಎಂದೇ ಬರೆಯುತ್ತೇನೆ. ಮುದುಕ ಅವಳ ಅಪ್ಪ. ದೊಡ್ಡ ಗೂಡ್ಸ್ ಗಾಡಿ ಓಡಿಸಿದವನು. ಸೊಂಟ ಮುರಿದುಕೊಂಡು ನಮ್ಮ ಮನೆಗೆ ಬಂದು ಮಲಗಿದಾಗ ಮಾತ್ರೆ ನುಂಗಲು ಮಗುವಿನ ಹಾಗೆ ರಚ್ಚೆ ಹಿಡಿಯುತ್ತಿದ್ದ. “ಜನ್ಮವೆಲ್ಲ ಊರವರ ಸಾಮಾನು ಹೊತ್ತೆ, ನನಗೆ ಅಂತ ಒಂದು ಗಾಡಿ ಬರಲಿಲ್ಲ” ಎಂದು ಗೊಣಗಿದ. ಅವಳು ಮಿಕ್ಸಿ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದವಳು, ಕೈ ಸುಮ್ಮನಿರುತ್ತಿರಲಿಲ್ಲ. “ಬರಿಸ್ತೀನಿ ಇರಪ್ಪ” ಅಂದಳು. ಬರಿಸಿದಳು. ಅಲ್ಲಿಂದ ದಿನಾ ಬೆಳಿಗ್ಗೆ ಮಾತ್ರೆ ಗಾಡಿ.

ಅವಳು ಹೋದ ಮೇಲೂ ನಾನು ಅಡುಗೆಮನೆಯಲ್ಲಿ ನಿಂತು ಅವಳ ಹಾಗೆಯೇ ಹಳಿಗೆ ಕರೆಂಟು ಬಿಡುವ ಗುಂಡಿ ತಿರುಗಿಸುತ್ತಿದ್ದೆ. ಗಾಡಿ ಹೋಗುತ್ತಿತ್ತು, ಖಾಲಿಯಾಗಿ ಬರುತ್ತಿತ್ತು. ಈ ಮನೆಯಲ್ಲಿ ನೆಟ್ಟಗೆ ನಡೆಯುತ್ತಿದ್ದುದು ಅದೊಂದೇ.

ನವೆಂಬರ್ ೫

ನಾದಿನಿ ಫೋನ್ ಮಾಡಿದ್ದಳು. ಮುದುಕನ ಕಿರಿ ಮಗಳು.

“ಭಾವ, ಒಂದು ಒಳ್ಳೆ ವೃದ್ಧಾಶ್ರಮ ಸಿಕ್ಕಿದೆ. ಮೂವತ್ತನೇ ತಾರೀಖು ಅವರೇ ಬಂದು ಅಪ್ಪನ್ನ ನೋಡ್ತಾರಂತೆ. ಆದ್ರೆ ಒಂದು ಮಾತು. ಊಟ ಮಾತ್ರೆ ಸರಿಯಾಗಿ ತಗೊಳ್ಳೋರನ್ನ ಮಾತ್ರ ಸೇರಿಸ್ಕೊಳ್ಳೋದು. ಹಟ ಮಾಡೋರು ಬೇಡ ಅಂತಾರೆ.”

“ಹಟ ಮಾಡೋರು ಬೇಡ ಅಂದ್ರೆ ಅಲ್ಲಿ ಯಾರಿರ್ತಾರೆ?”

“ತಮಾಷೆ ಸಾಕು ಭಾವ. ನಿಮಗೂ ಅರವತ್ತಾರಾಯ್ತು. ನಿಮ್ಮನ್ನ ನೋಡ್ಕೊಳ್ಳೋರೇ ಇಲ್ಲ, ನೀವು ಅವರನ್ನ ಎಷ್ಟು ದಿನ ನೋಡ್ಕೊಳ್ತೀರಿ?”

ನಾದಿನಿ ಹೇಳಿದ್ದು ಸರಿ. ಮುದುಕ ಹೊರಟರೆ ನನಗೂ ಬಿಡುಗಡೆ. ಆಮೇಲೆ ಮಲಗಬಹುದು. ಬೆಳಗಾದರೆ ಏಳಬೇಕು, ಹಾಲು ಕಾಯಿಸಬೇಕು, ಇವನ ಬೆನ್ನು ಒರೆಸಬೇಕು ಎಂಬುದಿಲ್ಲ. ಏಳದೆ ಇದ್ದರೂ ಕೇಳುವವರಿಲ್ಲ. ಅಂಥ ಒಂದು ಬೆಳಗನ್ನು ನೆನೆದರೆ ಹಾಯೆನಿಸುತ್ತದೆ.

ಹಾಗಾದರೆ ಮೊದಲು ಎಂಜಿನ್ ಸರಿಮಾಡಬೇಕು. ಗಾಡಿ ಓಡಿದರೆ ಮಾತ್ರೆ, ಮಾತ್ರೆ ನುಂಗಿದರೆ ಆಶ್ರಮ. ಇದಕ್ಕೆ ಲಾಜಿಕ್ಕಿನ ಮೇಷ್ಟ್ರು ಏನೋ ಹೆಸರು ಹೇಳುತ್ತಿದ್ದರು. ಸಿಲೋ... ಸಿಲೋನಿಸಂ? ಅಲ್ಲ.

ನವೆಂಬರ್ ೬

ಎಂಜಿನ್ನನ್ನು ಟವೆಲಿನ ಮೇಲೆ ಅಂಗಾತ ಮಲಗಿಸಿ ನೋಡಿದೆ. ಹಿಂದಿನ ಜೋಡಿ ಚಕ್ರಗಳಿಗೆ ಒಂದೊಂದು ಗಾಡಿ, ಅದರಲ್ಲಿ ಏನೋ ಕಪ್ಪು ಕೊಳೆ. ಉಗುರಿನಿಂದ ಕೆರೆದರೆ ಬೆಂದ ಟೊಮೆಟೊ ಸಿಪ್ಪೆಯ ಹಾಗೆ ಸುಲಿದು ಬಂತು. ಕೊಳೆ ಎಂದುಕೊಂಡು ಪೂರ್ತಿ ತೆಗೆದುಹಾಕಿದೆ. ಚಕ್ರ ಫಳಫಳ ಹೊಳೆಯಿತು. ಅವಳು ನೋಡಿದ್ದರೆ ಮೆಚ್ಚುತ್ತಿದ್ದಳು ಎಂದುಕೊಂಡೆ.

ಓಡಿಸಿದೆ. ಮೊದಲು ಏರಿನವರೆಗಾದರೂ ಹೋಗುತ್ತಿತ್ತು. ಈಗ ಏರಿನ ಹೆಸರು ಕೇಳಿದರೇ ಜಾರುತ್ತದೆ.

(ಮೇಲೆ ಬರೆದದ್ದರಲ್ಲಿ ಚಕ್ರಕ್ಕೆ ‘ಗಾಡಿ’ ಎಂದು ಬರೆದಿದ್ದೇನೆ. ಅದು ‘ಗಾಡಿ’ ಅಲ್ಲ, ತೋಡು, ಚಕ್ರದ ಸುತ್ತ ಕೊರೆದ ಸಣ್ಣ ಕಾಲುವೆ. ತಲೆಯಲ್ಲಿ ಬರೀ ಗಾಡಿ ತುಂಬಿದೆ.)

ನವೆಂಬರ್ ೯, ಶನಿವಾರ

ಪೇಟೆಯ ಹಳೆ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಆಟದ ರೈಲಿನ ಅಂಗಡಿ. ಅವಳ ಜೊತೆ ಒಂದೆರಡು ಸಲ ಬಂದು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಅಂಗಡಿಯವನ ಒಂದು ಕಣ್ಣಿಗೆ ಯಾವಾಗಲೂ ಭೂತಗನ್ನಡಿ. ಅವಳೂ ಅವನನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದಳು. ಬಾಯಿ ಮುಚ್ಚದ ಜಂಬದ ಮನುಷ್ಯ. ಪ್ರಪಂಚದಲ್ಲಿ ರೈಲು ಕಂಡುಹಿಡಿದದ್ದು ತಾನೇ ಎಂಬಂತೆ ಮಾತಾಡುತ್ತಾನೆ.

“ಏನ್ ಸಾರ್, ರಬ್ಬರೇ ಇಲ್ಲ?” ಎಂದ ಎಂಜಿನ್ ತಿರುವಿ.

“ಯಾವ ರಬ್ಬರು?”

“ಈ ತೋಡಿನಲ್ಲಿ ರಬ್ಬರ್ ಉಂಗುರ ಇರ್ತದಲ್ಲ ಸಾರ್, ಟೈರು. ಅದಿದ್ರೇ ಹಳಿ ಹಿಡಿಯೋದು. ಕಬ್ಬಿಣದ ಮೇಲೆ ಕಬ್ಬಿಣ ಎಲ್ಲಿ ನಿಲ್ಲುತ್ತೆ? ಎಲ್ಲಿ ಹೋಯ್ತು ರಬ್ಬರು?”

ನಾನು ಕೆರೆದು ಕಸಕ್ಕೆ ಹಾಕಿದ್ದನ್ನು ಹೇಳಲಿಲ್ಲ. “ಸವೆದಿತ್ತು” ಎಂದೆ.

ಅವನು ಚಕ್ರ ಮೂಸಿ ನೋಡಿದ. “ಎಣ್ಣೆ ಹಾಕಿದ್ರಾ? ಚಕ್ರಕ್ಕೆ?”

“ಹೂಂ. ವಾರ ವಾರ.”

“ಅಯ್ಯೋ ನಿಮ್ಮ! ಎಣ್ಣೆ ಬಿದ್ರೆ ರಬ್ಬರ್ ಊದ್ಕೊಂಡು ಕೊಳೆತುಹೋಗುತ್ತೆ ಸಾರ್. ನಿಮ್ಮ ಮನೆಯವರು ಒಂದು ದಿನಾನೂ ಈ ತಪ್ಪು ಮಾಡ್ಲಿಲ್ಲ. ಅವರೆಲ್ಲಿ, ಬರ್ಲಿಲ್ವಾ?”

“ಇಲ್ಲ” ಎಂದೆ. ಅದು ಸುಳ್ಳಲ್ಲ.

ಒಂದು ಪೊಟ್ಟಣದಲ್ಲಿ ಎರಡು ಉಂಗುರ ಕೊಟ್ಟ. ಸೊಳ್ಳೆಯ ಬಳೆಯ ಹಾಗಿವೆ.

ನವೆಂಬರ್ ೧೦

ಅವಳು ಭಾನುವಾರ ಭಾನುವಾರ ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದ್ದೆ. ಎಲ್ಲಿಗೆ ಹಾಕುತ್ತಾಳೆ ಎಂದು ಹತ್ತಿರ ಹೋಗಿ ನೋಡಿರಲಿಲ್ಲ. ಭೂತಗನ್ನಡಿ ಹೇಳಿದ ಪ್ರಕಾರ ಅವಳು ಚಕ್ರದ ಅಚ್ಚಿನ ತುದಿಗೆ ಸೂಜಿಮೊನೆಯಷ್ಟು ತಾಗಿಸುತ್ತಿದ್ದಳಂತೆ. ನಾನು ಅವಳು ಹೋದಾಗಿನಿಂದ ಒಂದು ವಾರವೂ ತಪ್ಪಿಸದೆ ಚಕ್ರದ ಮೇಲೆ ಸುರಿದೆ. ಅವಳಿಗಾಗಿ ನಾನು ತಪ್ಪದೆ ಮಾಡಿದ ಕೆಲಸ ಇದೊಂದು. ಮೂರು ಹೊತ್ತು ಊಟ ತಪ್ಪಿಸಿದ್ದೇನೆ, ಸ್ನಾನ ತಪ್ಪಿಸಿದ್ದೇನೆ, ಎಣ್ಣೆ ತಪ್ಪಿಸಲಿಲ್ಲ.

ಅವಳು ಕೂಡಿಸಿದ ರಬ್ಬರು. ಅವಳ ಕೈ ಮುಟ್ಟಿದ್ದು. ಅತಿಯಾಗಿ ನೀರು ಹಾಕಿ ಸಾಯಿಸಿದ ಗಿಡ ನೋಡಿದ್ದೇನೆ. ಇದೂ ಅದೇ ಜಾತಿ.

ಬರೆಯಲು ಬೇರೇನೂ ಇಲ್ಲ.

ನವೆಂಬರ್ ೧೩, ಬುಧವಾರ

ಮೂರು ದಿನ ಉಂಗುರದ ಜೊತೆ ಗುದ್ದಾಡಿದೆ. ಒಂದು ಬದಿ ತೋಡಿಗೆ ಕೂಡಿಸಿದರೆ ಇನ್ನೊಂದು ಬದಿ ಟಣ್ಣನೆ ಹಾರುತ್ತದೆ. ಮಂಡಿಯೂರಿ ಹುಡುಕುವುದು, ಸಿಕ್ಕಿತೆಂದು ಎತ್ತಿಕೊಂಡರೆ ಸಾಸಿವೆ. ಕೊನೆಗೂ ಕೂತಿತು. ಓಡಿಸಿದೆ. ಗಾಡಿ ಕುಂಟುತ್ತಾ ಎದ್ದೂ ಬಿದ್ದೂ ಹೋಯಿತು, ಏರಿನ ನಡುವೆ ಹಳಿ ತಪ್ಪಿ ಮಗುಚಿಕೊಂಡಿತು.

ಹಜಾರದ ಆಚೆಯಿಂದ ಮುದುಕ ಕೂಗಿದ: “ಎಡಗಾಲು ಕುಂಟ್ತಿದೆ!”

“ನಿಮಗೆ ಕಾಣ್ತಿದೆಯಾ ಅಲ್ಲಿಂದ?”

“ಕಿವಿ ಇದೆಯಲ್ಲ. ಒಂದ್ ಸುತ್ತಿಗೆ ಒಂದ್ ಸಲ ಟಕ್ ಅಂತಿದೆ. ರಬ್ಬರ್ ಒಂದೋ ದಪ್ಪ ಆಯ್ತು, ಇಲ್ಲಾ ಒಳಗೆ ತಿರುಚ್ಕೊಂಡಿದೆ.”

ವಾರದಿಂದ ಅವನು ಇಷ್ಟು ಉದ್ದ ಮಾತಾಡಿರಲಿಲ್ಲ. ಎಂಜಿನ್ ತೆಗೆದುಕೊಂಡು ಹೋಗಿ ತೋರಿಸಿದೆ. ದಪ್ಪವೇ. ತೋಡು ತುಂಬಿ ಹೊರಗೆ ಉಬ್ಬಿದೆ. ಭೂತಗನ್ನಡಿ ಕಣ್ಣಿಗೆ ಕಟ್ಟಿಕೊಂಡೂ ತಪ್ಪು ಅಳತೆ ಕೊಟ್ಟಿದ್ದಾನೆ. ಫೋನಿನಲ್ಲಿ ಕೇಳಿದರೆ, “ಸರಿಯಾದ್ದು ತರಿಸ್ಬೇಕು ಸಾರ್, ಹತ್ತು ದಿನ ಆಗುತ್ತೆ” ಎಂದ. ತಪ್ಪಾಯಿತು ಎನ್ನಲಿಲ್ಲ.

ಮುದುಕ ಎಂದ, “ನಾವು ಏರಿನಲ್ಲಿ ಜಾರಿದ್ರೆ ಮರಳು ಬಿಡ್ತಿದ್ವಿ. ಎಂಜಿನ್ನಿಗೇ ಮರಳಿನ ಡಬ್ಬಿ ಇರ್ತಿತ್ತು. ಹಳಿ ಮೇಲೆ ಮರಳು ಬಿದ್ರೆ ಎಂಥ ಏರಾದ್ರೂ ಕಚ್ಚಿ ಹಿಡಿಯುತ್ತೆ.”

“ಇದಕ್ಕೂ ಬಿಡೋಣ್ವಾ?”

“ಗಾಡಿ ಗಾಡಿನೇ ಅಲ್ವಾ.”

ನವೆಂಬರ್ ೧೪

ಬಿಡಬಾರದಿತ್ತು.

ದಪ್ಪ ಉಂಗುರ ಕಿತ್ತುಹಾಕಿ, ರಸ್ತೆ ಬದಿ ಕಟ್ಟುತ್ತಿದ್ದ ಮನೆಯ ಮುಂದಿನ ರಾಶಿಯಿಂದ ಒಂದು ಹಿಡಿ ಮರಳು ತಂದು, ಹಿಟ್ಟಿನ ಜರಡಿಯಲ್ಲಿ ಸೋಸಿ, ಹಳಿಯ ಮೇಲೆ ಉದುರಿಸಿದೆ. ಗಾಡಿ ಹತ್ತಿತು! ಏರಿನ ಮುಕ್ಕಾಲು ಹತ್ತಿತು. ಮುದುಕ ಒಳಗಿನಿಂದ ಬಾಯಲ್ಲೇ ಸೀಟಿ ಹೊಡೆದ. ಅಷ್ಟರಲ್ಲಿ ಎಂಜಿನ್ನಿನ ಹೊಟ್ಟೆಯಲ್ಲಿ ಹಲ್ಲು ಕಡಿದ ಸದ್ದು, ಸ್ವಲ್ಪ ಹೊಗೆ, ಸುಟ್ಟ ವಾಸನೆ. ನಿಂತೇಹೋಯಿತು. ಮರಳು ಗೇರಿನ ಹಲ್ಲಿನೊಳಗೆ ಹೊಕ್ಕಿದೆ. ನನ್ನ ಎಣ್ಣೆ ಸಾಲದು ಎಂದು ಅವನ ಮರಳು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಮ್ಮ ಮನೆಯಲ್ಲಿ ಇರುವುದು ಎರಡೂ ಕೋಣ.

“ಯಾರ್ ಹೇಳಿದ್ದು ಮರಳು ಹಾಕು ಅಂತ?” ಎಂದ.

“ನೀವೇ!”

“ನಾನ್ ಹೇಳಿದ್ದು ದೊಡ್ಡ ಗಾಡಿಗೆ.”

“ಗಾಡಿ ಗಾಡಿನೇ ಅಂದ್ರಿ.”

“ಮಲಗಿರೋ ಮುದುಕನ ಮಾತು ಕೇಳ್ಕೊಂಡು ಮನೆಗೆ ಬೆಂಕಿ ಹಚ್ತೀರಾ? ತನ್ನಿ ಇಲ್ಲಿ.”

ಅವನ ಮಂಚದ ಮೇಲೆ ಪೇಪರ್ ಹಾಸಿ, ಎಂಜಿನ್ ಬಿಚ್ಚಿ, ಗೇರುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆವು. ಉಜ್ಜಿದ್ದು ನಾನು, ಅವನು ಟಾರ್ಚ್ ಹಿಡಿದು ಬೈಯುತ್ತಿದ್ದ. ಬಿಚ್ಚಿದ ತಿರುಪುಗಳು ಕಳೆಯದಿರಲೆಂದು ಒಂದೊಂದನ್ನೇ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ, ಕೊನೆಗೆ ತಾನೇ ಅವನ್ನು ಹಾಕಿ ಬಿಗಿದ. ಮಧ್ಯಾಹ್ನ ಪೂರ್ತಿ ಅದರಲ್ಲೇ ಹೋಯಿತು. ಮೋಟರು ಸುಟ್ಟಿಲ್ಲ. ಅದೃಷ್ಟವೋ ಏನೋ.

ತಟ್ಟೆಯಲ್ಲಿಟ್ಟಿದ್ದ ಬ್ರೆಡ್ಡಿನ ನಾಲ್ಕು ತುಂಡು ಖಾಲಿಯಾಗಿದೆ. ನಾನೇ ತಿಂದಿರಬೇಕು.

ನವೆಂಬರ್ ೧೮

ಡಾಕ್ಟರು ಬಂದಿದ್ದರು. ಮುದುಕನ ಪಾದ ಒತ್ತಿದರು, ಬೆರಳಿಟ್ಟ ಕಡೆ ಕುಳಿ ಹಾಗೇ ಉಳಿಯಿತು. ಮಾತ್ರೆ ನಿಂತಿದ್ದರಿಂದ ಮೈಯಲ್ಲಿ ನೀರು ತುಂಬುತ್ತಿದೆ. “ಹೀಗೇ ಬಿಟ್ರೆ ಎದೆವರೆಗೂ ಬರುತ್ತೆ. ಏನಾದ್ರೂ ಮಾಡಿ ಕೊಡಿ” ಎಂದರು. ಆ ‘ಏನಾದ್ರೂ’ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಹೇಳಲಿಲ್ಲ.

ಅವರು ಹೋದ ಮೇಲೆ ಕೈಮುಗಿದೆ. ನಿಜವಾಗಿ ಕೈಮುಗಿದು ಕೇಳಿದೆ. “ಮಾವ, ಒಂದೇ ಒಂದು. ಗಾಡಿ ಸರಿಹೋಗೋವರೆಗೆ.”

“ಗಾಡಿ ಬರಲಿ.”

“ಯಾಕೆ ಹೀಗೆ ಮಾಡ್ತೀರಿ?”

ಗೋಡೆ ಕಡೆ ತಿರುಗಲು ಅವರಿಗೆ ಆಗುವುದಿಲ್ಲ; ಮುಖ ಮಾತ್ರ ತಿರುಗಿಸಿಕೊಂಡರು.

ನವೆಂಬರ್ ೨೦, ಬುಧವಾರ

ಸರಿಯಾದ ಅಳತೆಯ ಉಂಗುರ ಬರುವವರೆಗೆ ಕಾಲಿನ ಊತ ಕಾಯುತ್ತದೆಯೇ? ಭೂತಗನ್ನಡಿಯ ಅಂಗಡಿಗೆ ಮತ್ತೆ ಓಡಿದೆ. ಉಗುರಿಗೆ ಹಚ್ಚುವ ಬಣ್ಣದ ಹಾಗೆ ಪುಟ್ಟ ಬಾಟಲಿಯಲ್ಲಿ ದ್ರವದ ರಬ್ಬರು ಕೊಟ್ಟ. ತೋಡಿಗೆ ಬಳಿದು ಒಣಗಿಸಿದರೆ ಉಂಗುರದ ಕೆಲಸ ತಾತ್ಕಾಲಿಕವಾಗಿ ಮಾಡುತ್ತದಂತೆ. ಟೆಂಪೊರರಿ. ಆ ಇಂಗ್ಲಿಷ್ ಪದ ಮಾತ್ರ ಎಷ್ಟು ಚೆನ್ನಾಗಿ ನೆನಪಿದೆ.

ಹಿಂದಿನ ಎರಡು ಚಕ್ರಕ್ಕೆ ಬಳಿದೆ. ಕೈ ತಡೆಯಲಿಲ್ಲ. ಎರಡಕ್ಕೆ ಇಷ್ಟು ಹಿಡಿತವಾದರೆ ಎಲ್ಲಕ್ಕೂ ಬಳಿದರೆ ಎಷ್ಟಾಗಬೇಡ? ಎಂಟೂ ಚಕ್ರಕ್ಕೆ ಧಾರಾಳವಾಗಿ ಬಳಿದು, ಫ್ಯಾನಿನ ಕೆಳಗೆ ಒಣಗಿಸಿ, ಹಳಿಯ ಮೇಲಿಟ್ಟು ಗುಂಡಿ ತಿರುಗಿಸಿದೆ.

ಎಂಜಿನ್ ಉಸಿರೆತ್ತಲಿಲ್ಲ.

ಇನ್ನಷ್ಟು ತಿರುಗಿಸಿದೆ. ತಂತಿ ಅಲ್ಲಾಡಿಸಿದೆ. ಬೆಳಕಿಲ್ಲ, ಸದ್ದಿಲ್ಲ. ಹೆಣ.

ನವೆಂಬರ್ ೨೧

ಬೆಳಿಗ್ಗೆ ಎಂಜಿನ್ ಹಿಡಿದುಕೊಂಡು ತಾರಸಿಗೆ ಹೋದೆ. ಕೆಳಗೆ ಸಿಮೆಂಟಿನ ಅಂಗಳ. ಎಸೆದರೆ ಚೂರಾಗುತ್ತದೆ, ಆಮೇಲೆ ರಿಪೇರಿ ಎಂಬುದೇ ಇರುವುದಿಲ್ಲ, ಎಂದುಕೊಂಡು ಹೋದವನು. ಕಟ್ಟೆಯ ಮೇಲೆ ಅದನ್ನಿಟ್ಟು ಪಕ್ಕದಲ್ಲಿ ನಿಂತೆ. ಸುಮಾರು ಹೊತ್ತು ನಿಂತೆ. ಎಂಜಿನ್ನನ್ನೇ ನೋಡುತ್ತಿದ್ದೆನೋ ಅಂಗಳವನ್ನೇ ನೋಡುತ್ತಿದ್ದೆನೋ ಈಗ ಹೇಳಲಾರೆ. ಅದನ್ನು ಬರೆಯುವುದೂ ಬೇಡ.

ಕೆಳಗಿನಿಂದ ಕೂಗು: “ಅಳಿಯಂದ್ರೇ! ಮಗ್ಗುಲು ಬದಲಾಯಿಸ್ಬೇಕು, ಬೆನ್ನು ಉರೀತಿದೆ!”

ಇಳಿದು ಬಂದೆ. ಮಗ್ಗುಲು ಬದಲಾಯಿಸಿದೆ. ಬೆನ್ನಿಗೆ ಪೌಡರ್ ಹಾಕಿದೆ.

“ಕೈಯಲ್ಲೇನು?” ಎಂದರು.

“ಸತ್ತುಹೋಗಿದೆ.”

“ಕೊಡಿ ಇಲ್ಲಿ.” ಚಕ್ರಗಳ ಮೇಲೆ ಹೆಬ್ಬೆರಳು ಸವರಿದರು. “ಎಲ್ಲಾ ಚಕ್ರಕ್ಕೂ ರಬ್ಬರ್ ತೊಡಿಸಿದ್ದೀರಲ್ಲ. ಕರೆಂಟು ಯಾವ ದಾರೀಲಿ ಒಳಗೆ ಬರ್ಬೇಕು?”

ಹಳಿಯಲ್ಲಿ ಹರಿಯುವ ವಿದ್ಯುತ್ತು ಬರಿಯ ಲೋಹದ ಚಕ್ರದಿಂದಲೇ ಮೋಟರಿಗೆ ಹೋಗಬೇಕು. ರಬ್ಬರು ಹಿಡಿಯುತ್ತದೆ, ಆದರೆ ಏನನ್ನೂ ಒಳಗೆ ಬಿಡುವುದಿಲ್ಲ. ಆದ್ದರಿಂದ ಎರಡಕ್ಕೆ ಮಾತ್ರ ರಬ್ಬರು, ಮಿಕ್ಕವು ಬರಿಮೈ. ಹೈಸ್ಕೂಲಿನ ಪಾಠ. ಇನ್ಸುಲೇಟರ್ ಎಂಬ ಪದದ ಕಾಗುಣಿತ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಂತಿದ್ದೆ, ಅರ್ಥ ಯಾರೂ ಕೇಳಲಿಲ್ಲ.

“ಅವಳಿದ್ದಿದ್ರೆ ನಕ್ಕೂ ನಕ್ಕೂ ಸಾಯ್ತಿದ್ಲು” ಎಂದರು ಮಾವ.

ಸಂಜೆವರೆಗೆ ಉಗುರಿನಿಂದ ರಬ್ಬರು ಸುಲಿದೆವು. ನಾಲ್ಕು ಚಕ್ರ ಅವರು, ನಾಲ್ಕು ನಾನು. ಅವರ ಉಗುರು ಉದ್ದವಿದೆ, ಬೇಗ ಮುಗಿಸಿದರು.

ನವೆಂಬರ್ ೨೪, ಭಾನುವಾರ

ನಿನ್ನೆ ಸರಿಯಾದ ಉಂಗುರ ಬಂತು. ಇವತ್ತು ಕೂಡಿಸಿದೆವು.

ಈ ಸಲ ಅವಸರ ಮಾಡಲಿಲ್ಲ. ತೋಡನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದೆ, ಹತ್ತಿ ಬೆಳ್ಳಗೆ ಬರುವವರೆಗೆ. ಉಂಗುರವನ್ನು ನೀರಿನಲ್ಲಿ ಒದ್ದೆ ಮಾಡಿದೆ. ಎಳೆದು ಹಿಗ್ಗಿಸಬಾರದು ಎಂದರು ಮಾವ. ಎಳೆದ ರಬ್ಬರು ಎಳೆದದ್ದನ್ನು ಮರೆಯುವುದಿಲ್ಲವಂತೆ. ಒಂದು ಅಂಚನ್ನು ತೋಡಿಗೆ ಇಟ್ಟು ಅವರು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಅವರ ಹೆಬ್ಬೆರಳು ನಡುಗುವುದಿಲ್ಲ, ನನ್ನದು ನಡುಗುತ್ತದೆ. ಮಿಕ್ಕ ಸುತ್ತನ್ನು ನಾನು ಹಲ್ಲುಕಡ್ಡಿಯಿಂದ ಒಳಗೆ ಜಾರಿಸಿದೆ. ಕೂತಿತು. ಆಮೇಲೆ ಕಡ್ಡಿಯನ್ನು ಉಂಗುರದ ಕೆಳಗೆ ತೂರಿಸಿ ಚಕ್ರದ ಸುತ್ತ ಒಂದು ಸಲ ಓಡಿಸಿದರೆ ತಿರುಚಿದ್ದೆಲ್ಲ ತಾನೇ ಬಿಡಿಸಿಕೊಂಡಿತು. ಎರಡನೆಯದೂ ಹಾಗೆಯೇ. ಬೆರಳಿನಿಂದ ಚಕ್ರ ತಿರುಗಿಸಿ ಮಾವನ ಕಿವಿಯ ಹತ್ತಿರ ಹಿಡಿದೆ.

“ಟಕ್ ಇಲ್ಲ” ಎಂದರು.

“ಓಡಿಸಲಾ?”

“ಇವತ್ತು ಬೇಡ. ರಬ್ಬರ್ ಸ್ವಲ್ಪ ಕೂತ್ಕೊಳ್ಲಿ.”

ಹೌದು, ಕೂತುಕೊಳ್ಳಲಿ. ನನಗೂ ಅದೇ ಸರಿಯೆನಿಸಿತು. ಕರೆಂಟೂ ಯಾಕೋ ಮಂಕಾಗಿತ್ತು.

ನವೆಂಬರ್ ೨೫

ಇವತ್ತೂ ಓಡಿಸಲಿಲ್ಲ. ಮಾವನ ಕಾಲು ಇನ್ನೂ ಊದಿದೆ. ಹಳಿ ಒರೆಸಿದೆ. ಒರೆಸಿದ್ದನ್ನೇ ಇನ್ನೊಂದು ಸಲ ಒರೆಸಿದೆ.

ನವೆಂಬರ್ ೨೬, ಮಂಗಳವಾರ

ಓಡಿಸಿದೆ.

ವ್ಯಾಗನ್ನಿನಲ್ಲಿ ಮಾತ್ರೆ, ಹಿಂದಿನದರಲ್ಲಿ ಬಿಸ್ಕತ್ತು. ಗುಂಡಿ ತಿರುಗಿಸಿದೆ. ಹೊರಟಿತು. ಏರು ಬಂತು. ಎಂಜಿನ್ ಒಂದು ಕ್ಷಣ ಭಾರ ಅಳೆದ ಹಾಗೆ ನಿಧಾನಿಸಿ, ಹಳಿ ಹಿಡಿದು, ಹತ್ತಿತು. ಚಕ್ರ ಒಂದು ಸುತ್ತೂ ವ್ಯರ್ಥವಾಗಿ ತಿರುಗಲಿಲ್ಲ. ಕಂಡಿಯೊಳಗೆ ಬಾಲ ಮರೆಯಾಯಿತು.

ಇಷ್ಟು ದಿನ ನಾನು ಅಡುಗೆಮನೆಯಲ್ಲೇ ನಿಂತು ಓಡಿಸುತ್ತಿದ್ದವನು. ಗಾಡಿ ತಲುಪಿದಾಗ ಅವರ ಮುಖ ಹೇಗಿರುತ್ತದೆ ಎಂದು ನೋಡಲು ಹೋದವನಲ್ಲ. ಇವತ್ತು ತಡೆಯಲಾರದೆ ಓಡಿದೆ. ಎಂಜಿನ್ ದಿಂಬಿನ ಪಕ್ಕ ನಿಂತಿತ್ತು. ಮಾತ್ರೆ ಇಟ್ಟಲ್ಲಿಂದ ಅಲ್ಲಾಡಿರಲಿಲ್ಲ.

“ಬಂತು ಮಾವ!”

“ಬಂತು.”

“ಕುಂಟಲಿಲ್ಲ ಅಲ್ವಾ?”

“ಇಲ್ಲ. ಚೆನ್ನಾಗಿ ಬಂತು.”

ಮಾತ್ರೆ ಮುಟ್ಟಲಿಲ್ಲ. ಕಂಡಿಯ ಕಡೆ ನೋಡುತ್ತಿದ್ದರು. ನಾನೂ ನೋಡಿದೆ. ಅವಳಿದ್ದಾಗ ಗಾಡಿಯ ಹಿಂದೆಯೇ ಕಂಡಿಯಲ್ಲಿ ಅವಳ ಮುಖ ಬರುತ್ತಿತ್ತಂತೆ, ಬಗ್ಗಿ “ಬಂತಾಪ್ಪ?” ಎನ್ನುತ್ತಿದ್ದಳಂತೆ. ನನಗೆ ಗೊತ್ತಿರಲಿಲ್ಲ. ಈಗ ಅದರಲ್ಲಿ ಹಜಾರದ ಸುಣ್ಣದ ಗೋಡೆ ಕಾಣುತ್ತಿತ್ತು, ಸ್ವಿಚ್ಚಿನ ಸುತ್ತಲಿನ ಕೊಳೆ.

“ಗಾಡಿ ಕೆಟ್ಟಿದ್ದಾಗ ಗಾಡಿ ಕೆಟ್ಟಿದೆ ಅನ್ನಬಹುದಿತ್ತು ಅಳಿಯಂದ್ರೆ” ಎಂದರು. “ಈಗ ಏನ್ ಅನ್ನೋಣ?”

ನಾನು ಬಿಸ್ಕತ್ತನ್ನು ತೆಗೆದು ತಟ್ಟೆಗಿಟ್ಟೆ. ಅವರೇ ಮುಂದುವರಿಸಿದರು.

“ಮೊದಲು ನೀವು ಓಡಿಸಿದಾಗಲೂ ಅದು ಅವಳು ಜೋಡಿಸಿಟ್ಟ ಗಾಡಿ. ಅವಳ ರಬ್ಬರು, ಅವಳ ತಿರುಪು. ಅವಳೇ ಕಳಿಸಿದಳು ಅಂತ ಕಣ್ಣು ಮುಚ್ಕೊಂಡು ನುಂಗ್ತಿದ್ದೆ. ಇದು ನಾವು ಮಾಡಿದ ಗಾಡಿ. ನನ್ನ ಕೈಯಾರೆ ತಿರುಪು ಹಾಕಿದ್ದೀನಿ. ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ.”

ಆಮೇಲೆ ಅತ್ತರು. ಅವಳು ಹೋದ ದಿನ ಅತ್ತಿರಲಿಲ್ಲ. ಮಲಗಿದವರು ಅತ್ತರೆ ಕಣ್ಣೀರು ಕೆನ್ನೆಗೆ ಬರುವುದಿಲ್ಲ, ಕಿವಿಯೊಳಗೆ ಹೋಗುತ್ತದೆ. ಒರೆಸಲು ಹೋದವನು ಮಂಚದ ಅಂಚಿನಲ್ಲಿ ಕೂತುಬಿಟ್ಟೆ. ನನ್ನ ವಿಷಯ ಬರೆಯುವುದಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವರೇ ಅಂಗೈ ಚಾಚಿದರು. “ನೀವು ಕಳಿಸಿದ್ದು ಅಂತ ಗೊತ್ತಿದ್ಮೇಲೆ ಗಾಡಿ ಯಾಕೆ. ಕೈಯಲ್ಲೇ ಕೊಡಿ.”

ಕೊಟ್ಟೆ. ನುಂಗಿದರು. ನೀರು ಎದೆಯ ಮೇಲೆ ಚೆಲ್ಲಿತು.

ತಿಂಗಳು ಪೂರ್ತಿ ಒದ್ದಾಡಿದ್ದು ಇದಕ್ಕೆ. ಎಂಜಿನ್ ಈಗ ಎಂಥ ಏರನ್ನೂ ಹತ್ತುತ್ತದೆ. ಯಾರಿಗೂ ಬೇಕಾಗಿಲ್ಲ.

ನವೆಂಬರ್ ೨೭

ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು. ಕೈಯಲ್ಲೇ. ಗಾಡಿಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಹಲಗೆ ಬಿಚ್ಚಲು ಮನಸ್ಸಾಗಲಿಲ್ಲ. ದಿನವಿಡೀ ಮನೆಯಲ್ಲಿ ಏನೂ ಓಡಲಿಲ್ಲ.

ನವೆಂಬರ್ ೨೯, ಶುಕ್ರವಾರ

ಮಾವನ ಪಾದದ ಕುಳಿ ಇವತ್ತು ಬೇಗ ತುಂಬಿಕೊಂಡಿತು. ಗಂಜಿ ಸಪ್ಪೆ ಎಂದು ಬೈದರು. ಉಪ್ಪು ಕಡಿಮೆ ಹಾಕಲು ಡಾಕ್ಟರೇ ಹೇಳಿದ್ದು ಎಂದೆ. “ಡಾಕ್ಟರ್ ಬಂದು ತಿನ್ನಲಿ” ಎಂದರು.

ಮಧ್ಯಾಹ್ನ ನಾದಿನಿಯ ಫೋನು. ಅವರ ಕೋಣೆಯಲ್ಲೇ ಇದ್ದೆ, ಎದ್ದು ಹೋಗಲಿಲ್ಲ.

“ಭಾವ, ನಾಳೆ ಆಶ್ರಮದವರು ಬರ್ತಾರೆ. ಅಪ್ಪ ಮಾತ್ರೆ ತಗೊಳ್ತಿದ್ದಾರಾ?”

“ಎಲ್ಲಿ ತಗೊಳ್ತಾರೆ” ಎಂದೆ.

“ಇನ್ನೂ ಇಲ್ವಾ? ಗಾಡಿ ರಿಪೇರಿ ಮಾಡಿಸ್ತೀನಿ ಅಂದಿದ್ರಿ?”

“ಆಗ್ಲಿಲ್ಲ. ಏರೇ ಹತ್ತಲ್ಲ ಅನ್ನುತ್ತೆ.”

“ಊಟ?”

“ಉಗುಳ್ತಾರೆ.”

ನಾದಿನಿ ನಿಟ್ಟುಸಿರು ಬಿಟ್ಟಳು. “ಹಾಗಿದ್ರೆ ಅವರನ್ನ ಕರ್ಕೊಂಡು ಬಂದು ಪ್ರಯೋಜನ ಇಲ್ಲ. ಬೇಡ ಅಂತ ಹೇಳ್ಬಿಡ್ತೀನಿ. ಪಾಪ, ನಿಮಗೇ ಕಷ್ಟ ಭಾವ.”

“ಏನ್ ಮಾಡೋದು” ಎಂದು ಇಟ್ಟೆ.

ಯಾಕೆ ಹಾಗೆ ಹೇಳಿದೆನೋ ತಿಳಿಯದು. ಅಪರಿಚಿತರು ಬಂದರೆ ಮನೆ ಗುಡಿಸಬೇಕು, ಕುರ್ಚಿ ಎಳೆಯಬೇಕು, ಅದರ ಸೋಮಾರಿತನವಿರಬೇಕು.

ಮಾವ ಚಾವಣಿ ನೋಡುತ್ತಿದ್ದರು. “ಯಾರಿಗೆ ಅಷ್ಟೊಂದು ಸುಳ್ಳು?”

“ನಿಮ್ಮ ಮಗಳಿಗೆ.”

“ಯಾವ ಮಗಳಿಗೆ?”

“ಚಿಕ್ಕವಳಿಗೆ” ಎಂದೆ.

“ಹಾಗಾದ್ರೆ ನಡೆಯುತ್ತೆ” ಎಂದರು. “ದೊಡ್ಡವಳಾಗಿದ್ರೆ ಫೋನಿನಲ್ಲೇ ಹಿಡೀತಿದ್ಲು.”

ಹಿಡಿಯುತ್ತಿದ್ದಳು. ಮೊದಲ ಮಾತಿನಲ್ಲೇ ಹಿಡಿಯುತ್ತಿದ್ದಳು. ಇನ್ನು ಈ ಮನೆಯಲ್ಲಿ ಯಾರು ಏನು ಹೇಳಿದರೂ ಹಿಡಿಯುವವರಿಲ್ಲ.

ನಾಳೆ ಮಾವನಿಗೆ ಕ್ಷೌರ ಮಾಡಬೇಕು. ಬ್ಲೇಡು ತರಬೇಕು.